ನಿಘಂಟುಗಳ ಕೆಳಗಿಟ್ಟ ಹಾಳೆಗಳು

ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಕುಳಿತಿದ್ದೆ. ಪಕ್ಕದ ಯುವತಿಯ ತೊಡೆಯ ಮೇಲೆ ಕೊಳಲಿನಷ್ಟು ಉದ್ದದ ಒಂದು ಯಂತ್ರ. ಅದರ ಅಂಚಿನಲ್ಲಿ ಸಾಸಿವೆ ಗಾತ್ರದ ಚುಕ್ಕೆಗಳ ಸಾಲು. ಕಣ್ಣು ಕಾಣದ ಆಕೆ ಬೆರಳಾಡಿಸಿ ಬ್ರೈಲ್ ಓದುತ್ತಿದ್ದಾಳೆಂದು ನನಗೆ ಹೊಳೆಯುವಷ್ಟರಲ್ಲಿ ಚುಕ್ಕೆಗಳೆಲ್ಲ ಒಮ್ಮೆಲೇ ಒಳಗೆ ಕುಸಿದವು.

"ಅಯ್ಯೋ, ಅಳಿಸಿಹೋಯ್ತಲ್ಲಮ್ಮಾ!" ನನ್ನ ಕೂಗಿಗೆ ಇಡೀ ಬೋಗಿ ತಿರುಗಿ ನೋಡಿತು.

"ಇಲ್ಲ ಅಂಕಲ್, ನೆಕ್ಸ್ಟ್ ಲೈನ್ ಬರ್ತಿದೆ ಅಷ್ಟೆ. ಬೇಕಿದ್ರೆ ಹೋಗಿದ್ದನ್ನ ವಾಪಸ್ ಕರೀತೀನಿ." ಗುಂಡಿಯೊತ್ತಿದಳು. ಹೋದ ಸಾಲು ಹಾಗೆಯೇ ಎದ್ದು ನಿಂತಿತು.

ಮಿತ್ರರೇ, ನಾನು ಬೆಚ್ಚಿದ್ದಕ್ಕೆ ಕಾರಣವಿದೆ. ಚುಕ್ಕೆಗಳನ್ನು ಅಳಿಸಿದ ಅಪರಾಧಿ ನಾನು; ಅವು ಮರಳಿ ಏಳುವುದನ್ನು ಈ ಮೊದಲು ಕಂಡವನಲ್ಲ.

ಸಿದ್ದಾಪುರದ ಶ್ಯಾಮಣ್ಣನವರು ಅಂಧ ಮಕ್ಕಳಿಗೆ ಇತಿಹಾಸ ಹೇಳುತ್ತಿದ್ದ ಮೇಷ್ಟ್ರು. ತಾವೂ ಹುಟ್ಟಿನಿಂದ ಅಂಧರು. ಹಿಂದೊಮ್ಮೆ ಅವರು ವಿದ್ಯಾರ್ಥಿನಿಲಯದ ಮಕ್ಕಳಿಗಾಗಿ ಕೆಲವು ಜೀವನಚಿತ್ರಗಳನ್ನು ಬ್ರೈಲಿನಲ್ಲಿ ಬರೆದರು. ಹದಿನೈದರ ಹರೆಯದಲ್ಲೇ ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದ ಫ್ರಾನ್ಸಿನ ಹುಡುಗ. ಅಂಗೈ ಮೇಲೆ ನೀರು ಹರಿದಾಗ ನೀರಿಗೂ ಹೆಸರುಂಟೆಂದು ಅರಿತ, ಕಣ್ಣು ಕಿವಿ ಎರಡೂ ಇಲ್ಲದ ಬಾಲೆ. ಆಕೆಗಿಂತ ಸುಮಾರು ಅರ್ಧ ಶತಮಾನ ಮೊದಲೇ ಬೆರಳುಗಳ ಮೂಲಕ ಭಾಷೆ ಕಲಿತ ಮತ್ತೊಬ್ಬಳು. "ಸುಮಾರು" ಎಂದು ಬರೆಯುವುದು ನನಗೆ ಇಂದಿಗೂ ಒಗ್ಗದು. ಸ್ವಂತ ಮದುವೆಯ ಮುಹೂರ್ತವನ್ನೇ ಎರಡು ಪಂಚಾಂಗಗಳೊಡನೆ ತಾಳೆ ನೋಡಿ ಮಾವನವರ ಮುನಿಸಿಗೆ ಗುರಿಯಾದವನು ನಾನು. ಇಸವಿಗಳ ಪರಿಶೀಲನೆ ಸಹಜವಾಗಿಯೇ ನನ್ನ ಪಾಲಿಗೆ ಬಂತು.

ಶ್ಯಾಮಣ್ಣನವರು ನಮ್ಮ ಜಯನಗರದ ಮನೆಗೆ ಬಂದು ಓದಿ ಹೇಳಿದರು; ನಾನು ಇಸವಿಗಳನ್ನಷ್ಟೇ ಬರೆದುಕೊಂಡೆ. "ಮನೇಗೆ ಸುಣ್ಣ ಹೊಡೆಸ್ತಿದ್ದೀವಿ ಸಾರ್, ಕಟ್ಟು ನಿಮ್ಮಲ್ಲೇ ಇರ್ಲಿ," ಎಂದು ಹೋದರು. ದಪ್ಪ ಕಾಗದ ಸಿಗದೆ ಹಳೆಯ ವಾರಪತ್ರಿಕೆಗಳ ಹಾಳೆಯ ಮೇಲೆ ಚುಕ್ಕೆ ಉಬ್ಬುವಂತೆ ಚುಚ್ಚಿದ್ದ ಬರಹ. ಕಟ್ಟು ಪೂರಿಯಂತೆ ಉಬ್ಬಿತ್ತು. ಅಂಕುಡೊಂಕಾದ ಕಾಗದವನ್ನು ಕಂಡರೆ ಸಹಿಸದ ನಾನು, ಅದರ ಮೇಲೆ ನನ್ನ ನಿಘಂಟಿನ ಅಷ್ಟೂ ಸಂಪುಟಗಳನ್ನು ಹೇರಿ, ಒಂದು ತಿಂಗಳು ಅಕ್ಕರೆಯಿಂದ ಕಾಪಾಡಿದೆ.

ಮರಳಿ ಬಂದು ಕಟ್ಟು ಬಿಚ್ಚಿದ ಶ್ಯಾಮಣ್ಣನವರ ಬೆರಳು ಹಾಳೆಯ ಮೇಲೆ ಹೋಯಿತು, ಬಂತು, ನಿಂತಿತು. "ಏನ್ ಸಾರ್, ಇಸ್ತ್ರಿ ಮಾಡ್ಸಿಬಿಟ್ರಾ?" ಎಂದು ನಕ್ಕರು. ಎರಡನೆಯ ಹಾಳೆ, ಮೂರನೆಯದು. ನಗು ಆರಿತು; ಭಾರಕ್ಕೆ ಚುಕ್ಕೆಗಳೆಲ್ಲ ಚಪ್ಪಟೆಯಾಗಿದ್ದವು.

"ಮಿಕ್ಕ ಮಕ್ಕಳಿಗೆ ಈ ಭಾನುವಾರ ಹಾಸ್ಟೆಲಲ್ಲಿ ಬಾಯಲ್ಲೇ ಹೇಳ್ತೀನಿ. ಗೌರಿಗೆ ಕಣ್ಣೂ ಇಲ್ಲ, ಕಿವೀನೂ ಇಲ್ಲ. ನಿನ್ನಂಥೋಳು ಒಬ್ಳಿದ್ಲು ಕಣೇ ಅಂತ ಅವಳಿಗೆ ಹಾಳೇನೇ ಹೇಳ್ಬೇಕಿತ್ತು ಸಾರ್."

ಅಷ್ಟು ಬದುಕುಗಳಲ್ಲಿ ನನ್ನ ಬಳಿ ಉಳಿದದ್ದು ಜನನ, ಮರಣ ಮಾತ್ರ. ಆ ಭಾನುವಾರ ಕಳೆದ ಮೇಲೆ ಗೌರಿಯನ್ನು ಅವಳ ತಂದೆ ಊರಿಗೆ ಕರೆದೊಯ್ದರು, ಮತ್ತೆ ಕಳುಹಿಸಲಿಲ್ಲವಂತೆ. ಅನಂತರವೂ ಶ್ಯಾಮಣ್ಣನವರೂ ನಾನೂ ಕಾಫಿಪುಡಿಯಿಂದ ಹಿಡಿದು ಮಳೆಯವರೆಗೆ ಎಲ್ಲವನ್ನೂ ಮಾತಾಡಿದ್ದೇವೆ. ಗೌರಿಯ ಹೆಸರನ್ನು ಮಾತ್ರ ಎತ್ತಿಲ್ಲ.

"ಇದನ್ನ ಕಿವಿ ಕೇಳದವರೂ ಓದಬಹುದೇನಮ್ಮಾ?" ಎಂದು ಯುವತಿಯನ್ನು ಕೇಳಿದೆ.

"ಅವ್ರಿಗೇ ಮುಖ್ಯ ಅಂಕಲ್. ನಂಗಾದ್ರೆ ಫೋನು ಓದಿ ಹೇಳತ್ತೆ. ಅವ್ರಿಗೆ ಇದೇ ಫೋನು, ಇದೇ ಪೇಪರ್ರು, ಎಲ್ಲಾ."

ಜೆ.ಪಿ. ನಗರದಲ್ಲಿ ಇಳಿಯಬೇಕಾದವನು ಕೋಣನಕುಂಟೆಗೆ ಹೋಗಿ ಹಿಂದಿರುಗಿದೆ. ಮನೆ ಸೇರಿದೊಡನೆ ಶ್ಯಾಮಣ್ಣನವರಿಗೆ ಫೋನ್ ಮಾಡಿ, ಗೌರಿ ಎಲ್ಲಿದ್ದಾಳೆಂದು ಕೇಳಿದೆ.

"ಕೊನೆಗೂ ಕೇಳಿದ್ರಲ್ಲ ಸಾರ್! ಊರಲ್ಲೇ ಇದ್ದಾಳೆ. ಆವಾಗ್ಲೇ ನೆನಪಿಂದ ಎಲ್ಲಾ ಇನ್ನೊಂದ್ಸಲ ಚುಚ್ಚಿ, ಇಸವಿ ಮಾತ್ರ ಬಿಟ್ಟು, ಪೋಸ್ಟ್ ಮಾಡಿದ್ದೆ. ಓದಿದ್ಲು. ಈಗ್ಲೂ ಕಾಗದ ಬರೀತಾಳೆ. ಒಂದೇ ಕಂಪ್ಲೇಂಟು, ಇವರೆಲ್ಲ ಯಾವ ಕಾಲದವ್ರು, ಇದ್ದಾರಾ ಹೋದ್ರಾ ಗೊತ್ತಾಗಲ್ಲ ಅಂತ. ತಾರೀಖೆಲ್ಲ ನಿಮ್ಮ ಹತ್ರ ಉಳೀತಲ್ಲ, ಕೇಳೋಕೆ ಸಂಕೋಚ ಆಯ್ತು."

ಇಸವಿಗಳನ್ನು ಬರೆದಿಟ್ಟ ಟಿಪ್ಪಣಿ ಪುಸ್ತಕವೂ ನಿಘಂಟುಗಳ ಅಡಿಯಲ್ಲೇ ಇತ್ತು, ಎಳೆದು ತೆರೆದೆ.

"ತಡೀರಿ ಸಾರ್, ಹಾಳೆ ಸಿಕ್ಕಿಸ್ಕೋತೀನಿ... ಹ್ಞಾಂ, ಹೇಳಿ."

ಮೊದಲ ಇಸವಿಯನ್ನು ಒಂದೊಂದೇ ಅಂಕಿಯಾಗಿ ಹೇಳಿದೆ. ಆ ಕಡೆಯಿಂದ ಟಕ್ ಟಕ್ ಎಂದು ಚುಚ್ಚುವ ಸದ್ದು ಬರುತ್ತಿತ್ತು. ಅದು ನಿಲ್ಲುವವರೆಗೆ ಕಾದು, ಮುಂದಿನದನ್ನು ಹೇಳಿದೆ.