ಸ್ಟೋರಿನ ತೊಲೆಗೆ ತೂಗಿದ್ದ ಉಕ್ಕು

ಇಂಥ ಮಾತುಗಳನ್ನು ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಅಷ್ಟೆ.

ತೊಂಬತ್ತರ ದಶಕದ ಕೊನೆಯಲ್ಲಿ ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಸಮುದ್ರದಲ್ಲಿ ನಿಲ್ಲುವ ಉಕ್ಕಿನ ಕಟ್ಟಡಗಳು ಎಷ್ಟು ಬೇಗ ತುಕ್ಕು ಹಿಡಿಯುತ್ತವೆ ಎಂದು ಮೊದಲೇ ತಿಳಿಯುವುದು ನಮ್ಮ ಕೆಲಸ. ಅದೇ ಉಕ್ಕು, ಅದೇ ಬೆಸುಗೆ, ಅದೇ ಬಣ್ಣದ ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೆಚ್ಚಗಿನ ಉಪ್ಪುನೀರನ್ನು ಮಂಜಿನಂತೆ ಹಾಯಿಸುತ್ತಿದ್ದೆವು. ಸಮುದ್ರ ವರ್ಷಗಟ್ಟಲೆ ಮಾಡುವುದನ್ನು ಪೆಟ್ಟಿಗೆ ಕೆಲವೇ ವಾರಗಳಲ್ಲಿ ಮಾಡಿ ಮುಗಿಸುತ್ತಿತ್ತು. ಹೋಲಿಸಿ ನೋಡಲು ಒಂದು ತುಂಡನ್ನು ಉಪ್ಪುಗಾಳಿ ಸೋಕದ ಕಡೆ ಇಡಬೇಕು. ಆ ಸಲ ಅದನ್ನು ಘಟ್ಟದ ಮೇಲೆ ಯಸಳೂರಿನ ಹತ್ತಿರದ ನಮ್ಮ ಮನೆಗೆ ತಂದು ಕಾಫಿ ಸ್ಟೋರಿನ ತೊಲೆಗೆ ತೂಗುಹಾಕಿದ್ದೆ. ಪರೀಕ್ಷೆ ನಡೆದದ್ದು ಹಡಗುಗಳು ಬಂದು ನಿಲ್ಲುವ ಒಂದು ಹೊಸ ಜೆಟ್ಟಿಗಾಗಿ. ನನ್ನ ತಮ್ಮ ಅಲ್ಲೇ ಕ್ರೇನ್ ನಡೆಸುತ್ತಿದ್ದ.

ಪೆಟ್ಟಿಗೆಯ ತುಂಡುಗಳೆಲ್ಲ ಪಾಸಾದವು. ಊರಿನದನ್ನು ತರಲು ಹೋದೆ. ಮಧ್ಯಾಹ್ನ, ಒಳ್ಳೆಯ ಬಿಸಿಲು. ತುಂಡಿನ ಬೆಸುಗೆಯ ಉದ್ದಕ್ಕೂ ಬಣ್ಣ ಉಬ್ಬಿ ಒಡೆದು ತುಕ್ಕು ಇಳಿದಿತ್ತು. ಉಳಿದ ಕಡೆ ಒಂದು ಕಲೆಯೂ ಇಲ್ಲ.

ಬಾಗಿಲ ಹಿಂದೆ, ತೋಟಕ್ಕಿಳಿಯುವಾಗ ಜಿಗಣೆಗೆಂದು ಒಯ್ಯುವ ಉಪ್ಪಿನ ಗಂಟಿತ್ತು. ಉಪ್ಪಿನ ಕೈಯಲ್ಲಿ ಯಾರಾದರೂ ಮುಟ್ಟಿದರೇ ಎಂದು ಚಿಕ್ಕಮ್ಮನನ್ನು ಕೇಳಿದೆ.

“ಯಾರ್ ಮುಟ್ತಾರೆ? ಮನೆ ಅಳಿಯನ್ನೂ ಹಿಂಗ್ ನೋಡ್ಕಂಡಿಲ್ಲ ಕಣೇ!”

ತುಕ್ಕನ್ನು ಶುದ್ಧ ನೀರಿನಲ್ಲಿ ತೊಳೆದು, ಉಪ್ಪು ಇದ್ದರೆ ತೋರಿಸುವ, ಜೊತೆಗೆ ತಂದಿದ್ದ ದ್ರಾವಣ ಒಂದು ಹನಿ ಹಾಕಿದೆ. ನೀರು ಬೆಳ್ಳಗೆ ಕದಡಿತು. ಅದು ಗಂಟಿನ ಉಪ್ಪೋ ಸಮುದ್ರದ್ದೋ, ಆ ಹನಿ ಹೇಳುವುದಿಲ್ಲ.

ಬೂತಿಗೆ ಹೋಗಿ ತಮ್ಮನಿಗೆ ಫೋನ್ ಮಾಡಿದೆ. ಬೆಸುಗೆ ಕೆರೆದು ನೋಡುವವರೆಗೆ ಕ್ರೇನ್ ಹತ್ತಬೇಡ ಎಂದೆ.

“ಘಟ್ಟದ ಮೇಲಕ್ಕೆ ಸಮುದ್ರ ಬಂದ್ಬುಡ್ತಾ ಅಕ್ಕ? ಸಾಹೇಬ್ರಿಗೆ ಏನಂತ ಹೇಳ್ಲಿ ಮಾರಾಯ್ತಿ?”

“ಹೊಟ್ಟೆನೋವು ಅನ್ನು.”

ಅವನು ನಗುತ್ತಲೇ ಒಪ್ಪಿಕೊಂಡ. ನಾನು ಹಟ ಹಿಡಿದ ಮೇಲೆ ಜೆಟ್ಟಿಯಲ್ಲಿ ಬಣ್ಣ ಕೆರೆದರು. ಕ್ರೇನಿನ ಹಳಿಯ ಕೆಳಗಿನ ಬೆಸುಗೆ ಉದ್ದಕ್ಕೂ ಬಿರಿದಿತ್ತು.

ಬೆಸುಗೆಯೇ ಕೆಟ್ಟದು ಎಂದರು ಪ್ರಯೋಗಾಲಯದ ಹಿರಿಯರು. ಹಾಗಿದ್ದರೆ ಉಪ್ಪುಮಂಜಿನಲ್ಲಿ ನೆಂದ ತುಂಡುಗಳು ಹೇಗೆ ಉಳಿದವು? ನನಗೆ ತಿಳಿಯದು. ತಮ್ಮ ಈಗಲೂ ಅದೇ ಕ್ರೇನಿನಲ್ಲಿದ್ದಾನೆ; ಉಕ್ಕನ್ನು ಮತ್ತೆ ಅದೇ ತೊಲೆಗೆ ತೂಗುಹಾಕಿದ್ದೇನೆ. ಊರಿಗೆ ಹೋದರೆ ಮೊದಲು ಸ್ಟೋರಿಗೆ ಹೋಗುತ್ತೇನೆ. ಅದರ ಮೇಲೆ ಬೆರಳಾಡಿಸಿ, ಬೆರಳನ್ನು ನಾಲಗೆಗೆ ಮುಟ್ಟಿಸಿ ನೋಡಿದ ಮೇಲೆಯೇ ಊಟಕ್ಕೆ ಕೂರುವುದು.