ಒಂದೇ ಹೆಸರಿನ ಚಿತ್ರಗಳು

ಮುಂಬಯಿಯ ಬೈಕುಲ್ಲಾದಲ್ಲಿದ್ದ ನಮ್ಮ ಕನ್ನಡ ಶಾಲೆ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ ಒಂದು ದಿನ ಅಕ್ಕೋರ ಫೋನ್ ಬಂತು. ಮೂರನೇ ಇಯತ್ತೆಯಿಂದ ಏಳನೆಯವರೆಗೆ ನನಗೆ ಕಲಿಸಿದವರು ಅವರು. ಮೈಸೂರಿನವರು, ಮದುವೆಯಾಗಲಿಲ್ಲ. ನಿವೃತ್ತಿಯ ನಂತರ ವಿಲೆ ಪಾರ್ಲೆಯಲ್ಲಿ ತಂಗಿಯ ಮನೆಯಲ್ಲಿದ್ದರು. ಟೀಚರ್ ಅನ್ನಿ ಎಂದು ಎಷ್ಟು ತಿದ್ದಿದರೂ ಬಿಜಾಪುರ ಕಡೆಯ ಕಟ್ಟಡ ಕೆಲಸಗಾರರ ಮಕ್ಕಳಾದ ನಾವು ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದೆವು.

"ನೀನು ಕಂಪ್ಯೂಟರ್ ಕೆಲಸ ಮಾಡ್ತೀಯಂತಲ್ಲೇ," ಎಂದರು. "ನನ್ನ ಹತ್ರ ಒಂದು ಟ್ರಂಕ್ ಇದೆ. ಅದನ್ನ ಇಂಟರ್‌ನೆಟ್‌ಗೆ ಹಾಕ್ಬೇಕು."

ನಾನು ಫೋರ್ಟ್‌ನ ಒಂದು ಸಣ್ಣ ಕಂಪನಿಯಲ್ಲಿ ವೆಬ್‌ಸೈಟ್ ಕಟ್ಟುವ ಕೆಲಸದಲ್ಲಿದ್ದೆ. ಶನಿವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಟ್ರಂಕಿನ ತುಂಬ ಮಕ್ಕಳ ಫೋಟೋಗಳಿದ್ದವು. ಒಂದು ಕಟ್ಟಡದ ಸೈಟಿನ ಕೆಲಸ ಮುಗಿದರೆ ಸಾಕು, ನಮ್ಮಂಥವರ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಇನ್ನೊಂದು ಕಡೆಗೆ ಹೊರಡುತ್ತಿತ್ತು. ಮಕ್ಕಳು ಹೇಳದೆ ಕೇಳದೆ ಶಾಲೆ ಬಿಡುತ್ತಿದ್ದರು. ಅದಕ್ಕೆ ಅಕ್ಕೋರು ಹೊಸದಾಗಿ ಸೇರಿದ ಪ್ರತಿ ಮಗುವಿನದೂ ತಮ್ಮ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದು, ಹಿಂದೆ ಹೆಸರು ಬರೆದು ಇಟ್ಟುಕೊಂಡಿದ್ದರು. ಈಗ ಮಳೆಗಾಲದ ತೇವಕ್ಕೆ ನೆಗೆಟಿವ್‌ಗಳೆಲ್ಲ ಒಂದಕ್ಕೊಂದು ಅಂಟಿ ಹಾಳಾಗಿದ್ದವು. ಫೋಟೋಗಳ ಅಂಚಿಗೂ ಬೂಷ್ಟು ಹಿಡಿದಿತ್ತು.

ಒಂದು ಮಗುವಿಗೆ ಒಂದು ಪುಟ, ಫೋಟೋ, ಅದರ ಕೆಳಗೆ ಅಕ್ಕೋರು ಬರೆಯುವ ನಾಲ್ಕು ಸಾಲು. ಬ್ಲಾಗ್ ಎಂದರೆ ಅಷ್ಟೇ. ನಾನು ಬಳಸುತ್ತಿದ್ದ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನಲ್ಲಿ ಅರ್ಧ ಕೆಲಸ ಮೊದಲೇ ಆಗಿರುತ್ತದೆ. ಬರಹ ಸೇರಿಸುವ ಫಾರ್ಮ್ ಸಿದ್ಧವಾಗಿಯೇ ಬರುತ್ತದೆ. ಆದರೆ ಅದರಲ್ಲಿ ಹತ್ತಾರು ಬಾಕ್ಸ್‌ಗಳು. ಅಕ್ಕೋರು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು. "ಇದೇನೇ ಇದು, ಪಾಸ್‌ಪೋರ್ಟ್ ಅರ್ಜಿ ಇದ್ದ ಹಾಗಿದೆ!"

ಒಂದೊಂದೇ ತೆಗೆದೆ. ಕೊನೆಗೆ ಹೆಸರು, ಬರಹ, ಫೋಟೋ ಮೂರೇ ಉಳಿದವು. ಸೇವ್ ಅನ್ನುವ ಬಟನ್ನಿಗೆ 'ಇಡು' ಎಂದು ಬರೆದೆ. ಒತ್ತಿದರೆ 'ಇಟ್ಟಾಯಿತು' ಎಂದು ಹಸಿರು ಅಕ್ಷರದಲ್ಲಿ ಬಂದು, ಮುಂದಿನ ಮಗುವಿಗಾಗಿ ಖಾಲಿ ಫಾರ್ಮ್ ತೆರೆಯುತ್ತಿತ್ತು. ಅವರು ಖುಷಿಯಿಂದ ನನ್ನ ಬೆನ್ನು ತಟ್ಟಿದರು. ಏಳನೇ ಇಯತ್ತೆಯಲ್ಲಿ ಪೂರ್ತಿ ಅಂಕ ಬಂದಾಗಲೂ ಅವರು ಹಾಗೆ ತಟ್ಟಿರಲಿಲ್ಲ.

ಮುಂದಿನ ವಾರ ನೋಡಿದರೆ ಒಂದೇ ಹುಡುಗಿಯ ಫೋಟೋ ಐದು ಸಲ ಸೇರಿತ್ತು. ನೆಟ್ ನಿಧಾನವಾದಾಗ ಅಕ್ಕೋರು ಬಟನ್ನನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಒಂದೇ ಹೆಸರಿನ ಎರಡನೇ ಫೈಲ್ ಬಂದರೆ ಫ್ರೇಮ್‌ವರ್ಕ್ ಹಳೆಯದನ್ನು ಮುಟ್ಟುವುದಿಲ್ಲ. ಹೊಸದರ ಹೆಸರಿಗೆ ಒಂದಷ್ಟು ಅಕ್ಷರ ಅಂಟಿಸಿ ಪಕ್ಕದಲ್ಲಿ ಇಡುತ್ತದೆ. ಹಾಗಾಗಿ ನಕಲುಗಳು ಗುಡ್ಡೆ ಬೀಳುತ್ತಿದ್ದವು. ನಾನು ಆ ಏರ್ಪಾಡನ್ನು ತೆಗೆದುಹಾಕಿದೆ. ಅದೇ ಹೆಸರಿನ ಫೈಲ್ ಬಂದರೆ ಹಳೆಯದರ ಮೇಲೆಯೇ ಕೂರಲಿ ಎಂದು ಬರೆದೆ. ಕೆಲವೇ ಸಾಲಿನ ಕೋಡ್. ಊಟದ ವಿರಾಮದಲ್ಲಿ, ಆಫೀಸಿನ ಕೆಳಗಿನ ಉಡುಪಿ ಹೋಟೆಲಿನಿಂದ ತರಿಸಿದ ಇಡ್ಲಿ ತಿನ್ನುತ್ತಾ ಬರೆದದ್ದು ಇವತ್ತಿಗೂ ನೆನಪಿದೆ.

ಅಕ್ಕೋರು ವಾರಕ್ಕೊಮ್ಮೆ ಒಂದು ಕಟ್ಟು ಫೋಟೋ ಒಯ್ದು ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವ್‌ನಲ್ಲಿ ತರುತ್ತಿದ್ದರು. ಮುಂದಿನ ವಾರ ಅಂಗಡಿಯವನು ಅದನ್ನು ಖಾಲಿ ಮಾಡಿ ಹೊಸ ಕಟ್ಟನ್ನು ತುಂಬಿಕೊಡುತ್ತಿದ್ದ. ಅವನ ಮಷೀನು ಪ್ರತಿ ಸಲವೂ ಒಂದು, ಎರಡು, ಮೂರು ಎಂದು ಮೊದಲಿನಿಂದ ಫೈಲ್‌ಗಳಿಗೆ ಹೆಸರಿಡುತ್ತಿತ್ತು. ಇದು ನನಗೆ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ.

ಆ ಚಳಿಗಾಲದಲ್ಲಿ ಅವರ ಬಿಲ್ಡಿಂಗ್ ಒಡೆದು ಹೊಸದು ಕಟ್ಟುವುದು ನಿಶ್ಚಯವಾಯಿತು. ತಂಗಿಯ ಸಂಸಾರದ ಜೊತೆ ಅವರು ಅಲ್ಲೇ ಹತ್ತಿರದ ಒಂದು ಸಣ್ಣ ಬಾಡಿಗೆ ಮನೆಗೆ ಹೋಗಬೇಕಿತ್ತು. ಅಷ್ಟರಲ್ಲಿ ಟ್ರಂಕಿನ ಫೋಟೋ ಎಲ್ಲ ಬ್ಲಾಗಿಗೆ ಹಾಕಿ ಮುಗಿದಿತ್ತು.

"ಇವನ್ನ ಇನ್ನೂ ಇಟ್ಕೋಬೇಕೇನೇ?" ಎಂದು ಕೇಳಿದರು. "ತಂಗಿಗೆ ಬೂಷ್ಟಿನ ವಾಸನೆಗೆ ಕೆಮ್ಮು ಬರುತ್ತೆ."

"ಬ್ಯಾಡ್ರಿ ಅಕ್ಕೋರ. ಎಲ್ಲಾ ಸರ್ವರ್‌ನ್ಯಾಗ ಸೇಫ್ ಅದಾವ," ಎಂದೆ.

ಮಕ್ಕಳ ಮುಖವನ್ನು ರದ್ದಿಗೆ ಕೊಡಲು ಅವರಿಗೆ ಮನಸ್ಸಾಗಲಿಲ್ಲ. ಹಳೆಯ ಸೀರೆಯಲ್ಲಿ ಗಂಟು ಕಟ್ಟಿ, ಮನೆ ಖಾಲಿ ಮಾಡುವ ದಿನ ಕೊನೆಯಲ್ಲಿ ಕಸದ ಗಾಡಿಯಲ್ಲಿ ತಾವೇ ಇಟ್ಟು ಬಂದರಂತೆ.

ಎರಡು ತಿಂಗಳ ನಂತರ ಆಫೀಸಿನಲ್ಲಿದ್ದಾಗ ಒಬ್ಬ ಹೆಂಗಸಿನ ಫೋನ್ ಬಂತು. ಬೈಕುಲ್ಲಾ ಮಾರ್ಕೆಟ್‌ನಲ್ಲಿ ತರಕಾರಿ ಮಾರುತ್ತಿದ್ದಳು, ನಮ್ಮದೇ ಶಾಲೆಯವಳು. ವಾಟ್ಸಾಪಿನಲ್ಲಿ ಯಾರೋ ಬ್ಲಾಗಿನ ಲಿಂಕ್ ಕಳಿಸಿದ್ದರಂತೆ, ಅದರಲ್ಲಿ ನನ್ನ ನಂಬರ್ ಇತ್ತು.

"ಅಕ್ಕಾ, ನಮ್ಮ ಅಣ್ಣನ ಪೇಜ್ ಸಿಕ್ಕೈತ್ರಿ. ಹೆಸರ ಬರೋಬರ್ ಐತಿ, ಅಕ್ಕೋರು ಬರದದ್ದೂ ಖರೇ ಐತಿ. ಆದ್ರ ಫೋಟೋ ಬ್ಯಾರೇ ಹುಡುಗಂದು."

"ನೋಡತೀನಿ, ತಿದ್ದಿ ಹಾಕತೀನಿ," ಎಂದೆ.

"ಜಲ್ದಿ ಹಾಕ್ರಿ ಅಕ್ಕಾ. ಅಂವ ಬಿಲ್ಡಿಂಗ್ ಸೈಟ್ ಮ್ಯಾಲಿಂದ ಬಿದ್ದು ತೀರಿಹೋಗಿ ಭಾಳ ವರ್ಷ ಆತು. ಮನ್ಯಾಗ ಒಂದೂ ಫೋಟೋ ಇಲ್ಲ. ಅವ್ವ ದಿನಾ ಕೇಳತಾಳ."

ಬ್ಲಾಗ್ ತೆರೆದೆ. ಮೊದಲ ಪುಟದಲ್ಲಿ ಎಲ್ಲವೂ ಸರಿಯಾಗಿತ್ತು. ಕೊನೆಯ ಕಟ್ಟಿನ ಮಕ್ಕಳು, ಅವರವರ ಹೆಸರು. ಹಿಂದೆ ಹೋಗುತ್ತಿದ್ದಂತೆ ಅವೇ ಮುಖಗಳು ಮತ್ತೆ ಬಂದವು. ಇನ್ನೂ ಹಿಂದೆ ಹೋದೆ, ಮತ್ತೆ ಅವೇ. ಹುಡುಗಿಯ ಹೆಸರಿನ ಮೇಲೆ ಹುಡುಗ, ನನ್ನ ಹೆಸರಿನ ಮೇಲೆ ಎರಡು ಜಡೆಯ ಯಾರೋ. ಸರ್ವರ್‌ನಲ್ಲಿ ಫೋಟೋಗಳ ಫೋಲ್ಡರ್ ತೆರೆದಾಗ ಇದ್ದದ್ದು ಮೂವತ್ತು ಚಿಲ್ಲರೆ ಫೈಲ್. ಅವೇ ಒಂದು, ಎರಡು, ಮೂರು ಎಂಬ ಹೆಸರಿನಲ್ಲಿ ಬಂದ ಪ್ರತಿ ವಾರದ ಕಟ್ಟು ಹಿಂದಿನ ವಾರದ ಕಟ್ಟನ್ನು ಅಳಿಸಿತ್ತು. ನಾನು ಹೇಳಿಕೊಟ್ಟಂತೆಯೇ ಕೋಡ್ ನಡೆದುಕೊಂಡಿತ್ತು.

"ಬ್ಯಾಕಪ್ ಇದೆಯಲ್ಲ?" ಎಂದ ಪಕ್ಕದ ಮೇಜಿನ ಗೆಳೆಯ. ಇತ್ತು. ಬರಹಗಳದ್ದು ಇತ್ತು, ಫೋಟೋಗಳ ಫೋಲ್ಡರನ್ನು ನಾನು ಸೇರಿಸಿರಲಿಲ್ಲ. ಜೆರಾಕ್ಸ್ ಅಂಗಡಿಗೆ ಓಡಿದೆ. "ಇತನಾ ಪುರಾನಾ ಕೌನ್ ರಖ್ತಾ ಹೈ, ಮೇಡಂ?" ಎಂದು ಅವನು ತಲೆ ಎತ್ತದೆ ಹೇಳಿದ. ಅಷ್ಟು ಹಳೆಯದನ್ನು ಅವನು ಇಟ್ಟುಕೊಂಡಿರಲಿಲ್ಲ. ಅಳಿಸಿದ ಫೈಲ್ ಹುಡುಕುವ ಎಲ್ಲ ಉಪಾಯಗಳನ್ನೂ ವಾರವಿಡೀ ಪ್ರಯತ್ನಿಸಿದೆ. ಒಂದೂ ಸಿಗಲಿಲ್ಲ.

ಅಕ್ಕೋರಿಗೆ ಮೊದಲು ಸುಳ್ಳು ಹೇಳಿದೆ. ಸರ್ವರ್ ರಿಪೇರಿ ನಡೆದೈತಿ ಅಂದೆ. ಎರಡು ಶನಿವಾರ ಹಾಗೇ ತಳ್ಳಿದೆ. ಮೂರನೆಯ ಶನಿವಾರ ಅವರ ಹೊಸ ಮನೆಗೆ ಹೋಗಿ, ಚಪ್ಪಲಿ ಬಿಡುವಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ತಂಗಿ ಒಳಗಿನಿಂದ ಚಹ ತಂದಿಟ್ಟರು, ಅದು ಆರಿತು.

"ಹಾಗಾದ್ರೆ ನಾನು ಬಿಸಾಡಿದ್ದು..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ, "ಇರಲಿ, ಬಾ. ನನಗೆ ಎಲ್ಲರೂ ನೆನಪಿದ್ದಾರೆ. ಯಾರು ಹೇಗಿದ್ರು ಅಂತ ಬರೀತೀನಿ. ಆ ಫಾರ್ಮ್ ತೆಗಿ," ಎಂದರು.

ತೆಗೆದುಕೊಟ್ಟೆ. ಮೊದಲು ತರಕಾರಿಯವಳ ಅಣ್ಣನ ಹೆಸರು. ಅಕ್ಕೋರು ಕೀಬೋರ್ಡಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. 'ಕಪ್ಪಗಿದ್ದ' ಎಂದು ಒತ್ತಿದರು, ಅಳಿಸಿದರು. 'ಮುಂದಿನ ಹಲ್ಲು' ಎಂದು ಒತ್ತಿ ನನ್ನ ಕಡೆ ತಿರುಗಿದರು. "ಹಲ್ಲು ಬಿದ್ದಿದ್ದು ಇವನಿಗೋ, ಇವನ ಜೊತೆ ಕೂರ್ತಿದ್ದನಲ್ಲ, ಅವನಿಗೋ?"

ನನಗೂ ಗೊತ್ತಿರಲಿಲ್ಲ. ಇನ್ನೊಂದು ಹೆಸರು ತೆಗೆದರು, ಇನ್ನೊಂದು. ಆ ಮಧ್ಯಾಹ್ನ ಒಂದು ಮುಖವೂ ಪೂರ್ತಿಯಾಗಲಿಲ್ಲ.

"ಎಲ್ಲಾ ತಲೇಲಿದೆ ಅಂದ್ಕೊಂಡಿದ್ದೆ ಕಣೇ," ಎಂದರು. "ಆಗಾಗ ಟ್ರಂಕ್ ತೆಗೆದು ನೋಡ್ತಿದ್ದೆ, ಅಷ್ಟೇ. ನೆನಪು ಅಂದ್ಕೊಂಡಿದ್ದು ಅದನ್ನೇ." ಎದ್ದು ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಬಾಗಿಲು ಎಳೆದುಕೊಂಡು ಬಂದೆ.

ತಪ್ಪು ಫೋಟೋಗಳನ್ನೆಲ್ಲ ಆ ಪುಟಗಳಿಂದ ತೆಗೆದುಹಾಕಿದೆ. ಹಳೆಯದರ ಮೇಲೆ ಹೊಸದು ಕೂರದಂತೆ ಕೋಡನ್ನೂ ತಿದ್ದಿದೆ. ಹಾಕಲು ಇನ್ನು ಯಾವ ಫೋಟೋವೂ ಇರಲಿಲ್ಲ.

ತರಕಾರಿಯವಳಿಗೆ ಫೋನಿನಲ್ಲಿ ಹೇಳುವ ಧೈರ್ಯವಾಗದೆ ಮಾರ್ಕೆಟ್ಟಿಗೇ ಹೋದೆ. ಮೆಂತ್ಯದ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. ನಾನು ಹೇಳುವುದನ್ನು ಪೂರ್ತಿ ಕೇಳಿದಳು. ನಡುವೆ ಇಬ್ಬರು ಗಿರಾಕಿಗಳಿಗೆ ಸೊಪ್ಪು ಕೊಟ್ಟಳು.

"ಸಿಗೂದೇ ಇಲ್ಲೇನ್ರಿ ಅಕ್ಕಾ?"

"ಇಲ್ಲ. ನಂದ ತಪ್ಪ."

ಕೈ ಒರೆಸಿಕೊಂಡಳು. "ಮೊದಲ ಇತ್ತಲ್ರಿ ಆ ಬ್ಯಾರೇ ಹುಡುಗನ ಫೋಟೋ, ಅದನ್ನರ ದೊಡ್ಡದ ಮಾಡಿ ಕೊಡ್ತೀರೇನು? ಅವ್ವಗ ಕಣ್ಣು ಮಸಕ ಆಗ್ಯಾವ. ಗೊತ್ತಾಗೂದಿಲ್ಲ."

ಬೇಡ ಎನ್ನಬೇಕಿತ್ತು. ಆ ಹುಡುಗ ಬದುಕಿರಬಹುದು, ಇದೇ ಊರಿನಲ್ಲಿ ಎಲ್ಲಾದರೂ ಕೆಲಸ ಮಾಡುತ್ತಿರಬಹುದು ಎಂದು ಹೇಳಬೇಕಿತ್ತು. ಮಾರನೆಯ ದಿನ ಪ್ರಿಂಟ್ ತೆಗೆಸಿ, ಗಾಜಿನ ಚೌಕಟ್ಟು ಹಾಕಿಸಿ ಕೊಟ್ಟು ಬಂದೆ. ಅವಳು ಸೆರಗಿನಿಂದ ಗಾಜು ಒರೆಸಿ, ಖಾಲಿ ಬುಟ್ಟಿಯಲ್ಲಿಟ್ಟು ಮೇಲೊಂದು ಗೋಣಿತಟ್ಟು ಮುಚ್ಚಿದಳು.

ಈ ಮಾತನ್ನು ಅಕ್ಕೋರಿಗೆ ನಾನು ಇನ್ನೂ ಹೇಳಿಲ್ಲ. ವಿಲೆ ಪಾರ್ಲೆಗೆ ಹೋಗುವುದನ್ನೂ ಬಿಟ್ಟಿದ್ದೇನೆ. ಅವರೂ ಫೋನ್ ಮಾಡುವುದಿಲ್ಲ.