ಎಂಟು ಗಂಟೆಯ ಕೆಂಪು ಗೆರೆ

ನನ್ನ ಕೈಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದಿರುತ್ತಿತ್ತು. ಓದುವಾಗ ಇದ್ದ ಹಾಸ್ಟೆಲಿನ ವಾರ್ಡನ್ ಕಲಿಸಿದ ಅಭ್ಯಾಸ ಅದು. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಒಂದು ಬಸ್ಸೂ ತಪ್ಪಲಿಲ್ಲ. ಸೋಮವಾರ ಹಿಂದೂಪುರದ ಮನೆ ಬಿಟ್ಟರೆ ಶನಿವಾರದವರೆಗೆ ಕಲ್ಯಾಣದುರ್ಗದ ಬಾಡಿಗೆ ಕೋಣೆ. ಅಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್ ಕಟ್ಟುತ್ತಿದ್ದರು. ನಾನು ವರ್ಕ್ ಇನ್ಸ್‌ಪೆಕ್ಟರ್.

ಎರಡು ಸಾವಿರದ ಇಸವಿ ಕಳೆದ ಮೇಲಿನ ಆ ವರ್ಷಗಳಲ್ಲಿ ನಮ್ಮ ಇಲಾಖೆ ಕೂಲಿಕಾರರ ಸಂಘದೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿತ್ತು. ಕೆಲಸ ಮೊದಲು ಸ್ಥಳೀಯ ಸಂಘದವರಿಗೆ. ಅವರು ಎಂಟಕ್ಕೆ ಗೇಟಿನಲ್ಲಿರಬೇಕು. ಮೂರು ಸಲ ತಡವಾದರೆ ಒಪ್ಪಂದ ರದ್ದಾಗಿ, ಗುತ್ತಿಗೆದಾರ ಹೊರಗಿನವರನ್ನು ತರಬಹುದು. ಎಂಟಾಯಿತೆಂದು ಹೇಳಬೇಕಾದವನು ನಾನು. ತೂಗುಹಾಕಿದ ಕಂಬಿಯ ತುಂಡನ್ನು ಬಾರಿಸಿ, ಗೇಟು ಹಾಕಿಸಿ, ಮಸ್ಟರಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಕೆಂಪು ಗೆರೆ ಎಳೆಯುತ್ತಿದ್ದೆ. ಆಮೇಲೆ ಬಂದವರು ಗೆರೆಯ ಕೆಳಗೆ, ತಡವಾದವರ ಲೆಕ್ಕಕ್ಕೆ.

ಸಂಘದ ಹೆಂಗಸರು ಬ್ರಹ್ಮಸಮುದ್ರದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎರಡು ಸಲ ಗೆರೆಯ ಕೆಳಗೆ ಬಿದ್ದರು. ಗೊಣಗಿದಾಗ ವಾಚು ತೋರಿಸಿದೆ, ಸುಮ್ಮನಾದರು.

ಮೋಲ್ಡ್ ಹಾಕುವ ದಿನ ಬಂತು. ಛಾವಣಿಯ ಕಾಂಕ್ರೀಟು ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ನಾನು ಕಂಬಿ ಬಾರಿಸಿ ಗೆರೆ ಎಳೆದೆ. ತಕ್ಷಣ ಹಿಂಬದಿಯಿಂದ ಲಾರಿ ಒಳಗೆ ಬಂತು. ಅದರ ತುಂಬ ಹೊರಗಿನವರು, ಪರಿಗಿ ಕಡೆಯ ಆಳುಗಳು. ಮಿಕ್ಸರ್ ತಿರುಗತೊಡಗಿತು. ಆಗ ಸಂಘದ ಹೆಂಗಸರು ತಲೆಯ ಮೇಲೆ ಬಾಣಲಿ ಹೊತ್ತು ಓಡಿ ಬಂದರು.

ಅವರ ಹಿರಿಯಾಕೆ ಗೇಟು ಹಿಡಿದು ಕೂಗಿದಳು: "ಯಾಕ್ ಸಾರೂ, ಬಾಗ್ಲು ಹಾಕ್ಬುಟ್ರಾ? ಇನ್ನೂ ಎಂಟಾಗಿಲ್ಲ ಕಣಪ್ಪ!"

"ಎಂಟು ದಾಟಿದೆ."

"ಬಸ್ ಸ್ಟ್ಯಾಂಡಿನ ಗಡಿಯಾರ ನೋಡ್ಕಂಡೇ ಬಂದ್ವಿ. ನಿಮ್ದು ನಮ್ ಬಸ್ಸಿಗಿಂತ ಜೋರಾಗಿ ಓಡ್ತೈತೆ!"

ಹಿಂದಿದ್ದ ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ಆ ಹತ್ತು ನಿಮಿಷ ನನ್ನ ಜೀವನದಲ್ಲಿ ಎಷ್ಟು ಹಳೆಯದೆಂದರೆ, ಅದು ನನ್ನೊಬ್ಬನದೇ ಎಂಬುದನ್ನು ಮರೆತೇಬಿಟ್ಟಿದ್ದೆ. ಅವರು ಒಂದು ಸಲವೂ ತಡವಾಗಿ ಬಂದಿರಲಿಲ್ಲ.

ಗುತ್ತಿಗೆದಾರ ಪಕ್ಕಕ್ಕೆ ಬಂದ. ಲಾರಿಯನ್ನು ಅಷ್ಟು ಸರಿಯಾಗಿ ಹೇಗೆ ತರಿಸಿದನೆಂದು ನನಗೆ ಆಗ ಹೊಳೆಯಿತು; ನನ್ನ ವಾಚು ಮುಂದಿರುವುದು ಅವನಿಗೆ ಮೊದಲೇ ಗೊತ್ತಿತ್ತು. "ಮೀ ವಾಚ್, ಮೀ ಇಷ್ಟಂ ಸಾರ್," ಎಂದ, ತೆಲುಗಿನಲ್ಲಿ, ತಣ್ಣಗೆ; ನಿಮ್ಮ ವಾಚು, ನಿಮ್ಮಿಷ್ಟ ಎಂದು. "ಈ ಗೆರೆ ಅಳಿಸ್ತೀರಾ? ಹಂಗಾದ್ರೆ ಹಿಂದಿನ ಎರಡೂ ಅಳಿಸಿ. ಇಂಜಿನಿಯರ್ ಸಾಹೇಬ್ರು ನಿಮ್ಮ ಹಳೇ ಮಸ್ಟರೆಲ್ಲಾ ತರಿಸ್ತಾರೆ."

ನಿವೃತ್ತಿಗೆ ಏಳು ತಿಂಗಳಿತ್ತು. ಒಂದು ಮಾತು ಸಾಕಾಗಿತ್ತು. ಆಡಲಿಲ್ಲ. ಮೇಲೆ ಕಾಂಕ್ರೀಟು ಬೀಳುತ್ತಿತ್ತು.

ಹದಿನೈದು ದಿನಕ್ಕೆ ಒಪ್ಪಂದ ರದ್ದಾದ ಪತ್ರ ಬಂತು. ಕಾರಣದ ಜಾಗದಲ್ಲಿ ನನ್ನ ಮೂರು ಗೆರೆಗಳ ಉಲ್ಲೇಖವಿತ್ತು.

ಗಡಿಯಾರವನ್ನು ಸರಿ ಮಾಡಿಕೊಳ್ಳೋಣವೆಂದು ಎಷ್ಟೋ ಸಲ ಅದರ ತಿರುಪು ಹಿಡಿದೆ. ಆದರೆ ಕಂಬಿ ಹತ್ತು ನಿಮಿಷ ತಡವಾಗಿ ಬಾರಿಸಿದರೆ ಊರಿಗೆಲ್ಲ ವಿಷಯ ತಿಳಿಯುತ್ತಿತ್ತು. ಹಾಗಾಗಿ ಉಳಿದ ಏಳು ತಿಂಗಳೂ ಅದೇ ಸುಳ್ಳು ಎಂಟಕ್ಕೆ ಬಾರಿಸಿದೆ.

ಆ ಹಿರಿಯಾಕೆ ಎದುರಿನ ಟೀ ಅಂಗಡಿಯಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿಕೊಂಡಳು. ಪ್ರತಿದಿನ ನಾನು ಕಂಬಿಯ ಹತ್ತಿರ ನಿಂತಾಗ ಅಲ್ಲಿಂದಲೇ ಕೇಳುತ್ತಿದ್ದಳು:

"ಟೈಮೆಷ್ಟು ಸಾರೂ?"

"ಎಂಟು," ಎನ್ನುತ್ತಿದ್ದೆ.

ಅವಳು ಅಂಗಡಿಯ ಗೋಡೆಗಡಿಯಾರದ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ಲೋಟ ತೊಳೆಯಲು ಕೂರುತ್ತಿದ್ದಳು.